ಕಬ್ಬು ಹೊಲದಲ್ಲಿರುವಾಗಲೇ ದಾವೆ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಬ್ಬಿನ ಸೀಮೆಯಲ್ಲಿ ಕಾರ್ಖಾನೆಯ ಬಿಲ್ಲಿಗಾಗಿ ತಿಂಗಳುಗಟ್ಟಲೆ ಕಾದ ರೈತ ವಕೀಲರ ಹೆಸರೆತ್ತಿದರೆ ಸಾಕು, ಬುದ್ಧಿ ಹೇಳುವವರಿಗೆ ಬರವಿಲ್ಲ. ಫೀಲ್ಡ್‌ಮನ್ ಬೈಕು ನಿಲ್ಲಿಸಿ ನಗುನಗುತ್ತಲೇ, “ಏನ್ ಕಾಕಾ, ಕೋರ್ಟಿಗೆ ಹೊಂಟೀರಂತಲ್ರಿ? ನಿಮ್ಮ ಕಬ್ಬು ಇನ್ನೂ ಪಡದಾಗ ನಿಂತೈತಿ, ನೆನಪೈತಲ್ರಿ?” ಅನ್ನುತ್ತಾನೆ. ಅದು ಕಾಳಜಿಯೋ ಬೆದರಿಕೆಯೋ ಎಂದು ಬಿಡಿಸಿ ನೋಡುವ ಹಾಗಿಲ್ಲ, ಎರಡೂ ಒಂದೇ ಉಸಿರಿನಲ್ಲಿ ಬಂದಿರುತ್ತವೆ. ಸೊಸೈಟಿಯ ಸೆಕ್ರೆಟರಿಯ ಮಾತೂ ಅದೇ, ಊರ ಹಿರಿಯರದೂ ಅದೇ, ರೈತ ಸಂಘಟನೆಗಳ ಎಷ್ಟೋ ಮುಖಂಡರದೂ ಅದೇ: ನೀರಲ್ಲಿದ್ದು ಮೊಸಳೆಯ ಜೊತೆ ಹಗೆ ಕಟ್ಟಿಕೊಳ್ಳಬಾರದು. ಬೇಕಾದರೆ ರಸ್ತೆಗಿಳಿ, ಘೋಷಣೆ ಕೂಗು, ಚೇರ್ಮನ್ನರ ಮನೆಗೆ ನಾಲ್ಕು ಜನ ಹೋಗಿ ಮಾತಾಡಿ ಬನ್ನಿ. ಕೋರ್ಟು ಕಚೇರಿ ಮಾತ್ರ ವ್ಯವಹಾರ ಕಡಿದುಕೊಂಡವರಿಗೆ.

ಈ ನೀತಿ ಕಬ್ಬಿಗಷ್ಟೇ ಸೇರಿದ್ದಲ್ಲ. ಪೀಣ್ಯದ ಸಣ್ಣ ಕಾರ್ಖಾನೆಯವರು ತಮ್ಮ ಏಕೈಕ ದೊಡ್ಡ ಗಿರಾಕಿಯ ಬಾಕಿ ಬಗ್ಗೆ ಇದನ್ನೇ ಹೇಳಿಕೊಳ್ಳುತ್ತಾರೆ, ಫ್ಲ್ಯಾಟಿನ ಮಾಲೀಕರು ಬಿಲ್ಡರ್ ಬಗ್ಗೆಯೂ ಹೀಗೇ ತಗ್ಗಿದ ದನಿಯಲ್ಲಿ ಮಾತಾಡುತ್ತಾರೆ. ಆದರೆ ಅವಲಂಬನೆ ಎಂಬುದು ಕಬ್ಬಿನಲ್ಲಿ ಕಾಣುವಷ್ಟು ಬೆತ್ತಲೆಯಾಗಿ ಬೇರೆಲ್ಲೂ ಕಾಣುವುದಿಲ್ಲ. ಮಾತನ್ನು ಅಲ್ಲೇ ಇಟ್ಟುಕೊಳ್ಳೋಣ.

ನನ್ನ ತಕರಾರು ಇಷ್ಟು: ಇದು ತಲೆಕೆಳಗಾದ ವಿವೇಕ. ನಾಳೆಯೂ ಅದೇ ಗೇಟಿನ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಬೇಕಾದವನೇ ಇಂದು ಕಾನೂನಿನ ಭಾಷೆಯಲ್ಲಿ ಕೇಳಬೇಕು. ವ್ಯವಹಾರ ಮುಗಿಸಿದವನಿಗೆ ದಾವೆಯಿಂದ ಸಿಗುವುದು ಹಳೇ ಬಾಕಿ ಮಾತ್ರ. ಮುಂದುವರಿಸುವವನಿಗೆ ಇನ್ನು ಬರುವ ಹಂಗಾಮುಗಳೆಲ್ಲ ಯಾವ ನಿಯಮದ ಮೇಲೆ ನಡೆಯಬೇಕು ಎಂಬುದೇ ಅಲ್ಲಿ ತೀರ್ಮಾನವಾಗುತ್ತದೆ. ಹೆಚ್ಚು ಲಾಭ ಯಾರಿಗೋ ಅವರನ್ನೇ ಹಿಡಿದು ನಾವು ಸುಮ್ಮನಿರು ಅನ್ನುತ್ತಿದ್ದೇವೆ.

ಕಾನೂನು ಏನು ಹೇಳುತ್ತದೆ ನೋಡಿ. ಅಗತ್ಯ ವಸ್ತುಗಳ ಕಾಯ್ದೆಯಡಿ ಬಂದ 1966ರ ಕಬ್ಬು ನಿಯಂತ್ರಣ ಆದೇಶದ ಮೂರನೇ ಖಂಡದಲ್ಲಿ ಗೊಂದಲವೇನೂ ಇಲ್ಲ. ಕಬ್ಬು ಒಪ್ಪಿಸಿದ ದಿನದಿಂದ 14 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ತಡವಾದಷ್ಟು ದಿನಕ್ಕೆ ವಾರ್ಷಿಕ ಶೇ 15ರಂತೆ ಬಡ್ಡಿ ಸೇರಿಸಬೇಕು. ಅದೂ ಆಗದಿದ್ದರೆ ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಎಂದರೆ ಜಿಲ್ಲಾಧಿಕಾರಿಗಳು ಕಾರ್ಖಾನೆಯ ಗೋದಾಮಿನಲ್ಲಿರುವ ಸಕ್ಕರೆ ಜಪ್ತಿ ಮಾಡಿ ಹರಾಜು ಕೂಗಿಸಬಹುದು. ಕೇಂದ್ರ ಸರ್ಕಾರ ಪ್ರತಿ ವರ್ಷ ಘೋಷಿಸುವ ಎಫ್‌ಆರ್‌ಪಿ ದರ ಊರಿನ ಕಟ್ಟೆಯ ಮೇಲೆಲ್ಲ ಚರ್ಚೆಯಾಗುತ್ತದೆ. 2025-26ಕ್ಕೆ ಶೇ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ ಎಂಬುದು ಓದು ಬಾರದ ಮುದುಕರಿಗೂ ಬಾಯಿಪಾಠ. ಶೇ 15ರ ಬಡ್ಡಿ ಮಾತ್ರ ಯಾವ ಕಟ್ಟೆಯ ಮೇಲೂ ಕೇಳಿಬರುವುದಿಲ್ಲ.

ಲೆಕ್ಕ ಹಾಕಿ ನೋಡಿ. ಒಬ್ಬ ರೈತ 100 ಟನ್ ಕಬ್ಬು ಕಳಿಸಿದ, ಕಟಾವು ಮತ್ತು ಸಾಗಣೆ ವೆಚ್ಚ ಮುರಿದುಕೊಂಡು ಟನ್ನಿಗೆ 3,000 ರೂಪಾಯಿ ಬರಬೇಕಿತ್ತು ಎಂದಿಟ್ಟುಕೊಳ್ಳಿ. ಒಟ್ಟು 3 ಲಕ್ಷ. 14 ದಿನದ ಗಡುವು ಮುಗಿದ ಮೇಲೆ ಇನ್ನೂ 90 ದಿನ ತಡವಾಯಿತು. ಅವನಿಗೆ ಸೇರಬೇಕಾದ ಬಡ್ಡಿ 11 ಸಾವಿರ ರೂಪಾಯಿ ಚಿಲ್ಲರೆ. “ಹನ್ನೊಂದು ಸಾವಿರಕ್ಕ ಯಾರ್ ಕೋರ್ಟಿಗೆ ಹೋಗ್ತಾರ?” ಎಂದು ನಗುವವರು ಈ ಲೆಕ್ಕವನ್ನು ಗೇಟಿನ ಒಳಗಡೆಯಿಂದಲೂ ಮಾಡಬೇಕು. ಹಂಗಾಮಿಗೆ 8 ಲಕ್ಷ ಟನ್ ಅರೆಯುವ ಕಾರ್ಖಾನೆಯೊಂದು ಎಲ್ಲರಿಗೂ ಇದೇ ರೀತಿ ತಡ ಮಾಡಿದರೆ ಉಳಿಯುವ ಬಡ್ಡಿ ಎಂಟೂಮುಕ್ಕಾಲು ಕೋಟಿ ದಾಟುತ್ತದೆ. ಬ್ಯಾಂಕಿಗೆ ಹೋಗಿದ್ದರೆ ಅಡಮಾನ, ಖಾತರಿ, ಬಡ್ಡಿ ಎಲ್ಲ ಕೊಟ್ಟು ತರಬೇಕಿದ್ದ 240 ಕೋಟಿಯನ್ನು ರೈತರು ಮೂರು ತಿಂಗಳು ಕೈಗಡವಾಗಿ ಕೊಟ್ಟಂತಾಯಿತು. ರೈತ ಮಾತ್ರ ಅದೇ ಮೂರು ತಿಂಗಳಲ್ಲಿ ಸೊಸೈಟಿಯ ಬೆಳೆಸಾಲದ ಗಡುವು ಮೀರಿ, ಹೊತ್ತಿಗೆ ಸರಿಯಾಗಿ ಕಟ್ಟಿದವರಿಗಷ್ಟೇ ಇರುವ ಶೂನ್ಯ ಬಡ್ಡಿಯ ಸವಲತ್ತು ಕಳೆದುಕೊಂಡಿರುತ್ತಾನೆ. ಸುಮ್ಮನಿರುವುದಕ್ಕೆ ಖರ್ಚಿಲ್ಲ ಎಂದು ಹೇಳುವವರು ಈ ಎರಡು ಸಾಲುಗಳನ್ನು ಯಾವ ಖಾತೆಯಲ್ಲಿ ಬರೆಯುತ್ತಾರೆ?

ಈ 14 ದಿನದ ನಿಯಮದಲ್ಲಿ ಒಂದು ಸಂದು ಇದೆ, ಅದನ್ನೂ ಹೇಳಿಬಿಡಬೇಕು. ಎರಡೂ ಕಡೆಯವರು ಬೇರೆ ರೀತಿ ಲಿಖಿತವಾಗಿ ಒಪ್ಪಿಕೊಂಡಿದ್ದರೆ ಆ ಗಡುವು ಅನ್ವಯಿಸುವುದಿಲ್ಲ. ಬೀಜಕ್ಕೋ ಗೊಬ್ಬರಕ್ಕೋ ಮುಂಗಡ ಕೊಡುವ ದಿನ ಮುಂದಿಡುವ ಅಚ್ಚಿನ ಕಾಗದದಲ್ಲಿ ಅಂಥ ಸಾಲೊಂದು ಸೇರಿಹೋಗಿದ್ದರೆ, ಕಾನೂನು ಕೊಟ್ಟದ್ದನ್ನು ರೈತ ತನ್ನ ಸಹಿಯಿಂದಲೇ ಬಿಟ್ಟುಕೊಟ್ಟಂತೆ. ಸಂಬಂಧ ಚೆನ್ನಾಗಿರಲಿ ಎಂದು ಓದದೆ ಹಾಕುವ ಸಹಿ ಅದು.

ಇನ್ನು ಎದುರಾಳಿಗಳ ನಿಜವಾದ ಬಲವಾದ ವಾದಕ್ಕೆ ಬರಬೇಕು, ಅದನ್ನು ತಳ್ಳಿಹಾಕುವಂತಿಲ್ಲ. ಕಾರ್ಖಾನೆ ಸೇಡು ತೀರಿಸಿಕೊಳ್ಳುತ್ತದೆ, ಅದೂ ಕೈಗೆ ಕೆಸರು ಹತ್ತದಂತೆ. ನಿಮ್ಮ ಕಬ್ಬು ಕೊಳ್ಳುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ಕಟಾವಿನ ಪಾಳಿ ಮುಂದಕ್ಕೆ ಹೋಗುತ್ತದೆ, ಅಷ್ಟೆ. “ಗ್ಯಾಂಗ್ ಸಿಗವಲ್ದು” ಎಂಬ ಒಂದು ಮಾತು ಸಾಕು. ಹದಿನಾಲ್ಕನೇ ತಿಂಗಳು ದಾಟಿ ನಿಂತ ಕಬ್ಬಿಗೆ ಸೂಲಂಗಿ ಬರುತ್ತದೆ, ಬೆಂಡಾಗುತ್ತದೆ, ತೂಕ ಇಳಿಯುತ್ತದೆ. ತಡವಾಗಿ ಕಡಿದರೆ ಕೂಳೆ ಬೆಳೆಗೂ ಪೆಟ್ಟು, ಎರಡು ವರ್ಷದ ಲೆಕ್ಕ ಒಟ್ಟಿಗೆ ಕೆಡುತ್ತದೆ. ಕಡಿದ ಮೇಲೂ ಆಟ ಮುಗಿಯುವುದಿಲ್ಲ. ಕಾರ್ಖಾನೆಯ ಅಂಗಳದಲ್ಲಿ ಎರಡು ದಿನ ಬಿಸಿಲಿಗೆ ನಿಂತ ಗಾಡಿಯ ಕಬ್ಬು ಒಣಗಿ ಹಗುರಾಗುತ್ತದೆ, ತೂಕದ ಸೇತುವೆ ಅಲ್ಲಿ ಕಂಡದ್ದನ್ನೇ ಹೇಳುತ್ತದೆ. ಅದಕ್ಕೂ ಮುಂಚೆ, ಆ ಸೇತುವೆ ಕಂಡದ್ದನ್ನು ಸರಿಯಾಗಿ ಹೇಳುತ್ತದೆಯೇ ಎಂಬ ಅನುಮಾನ ಈ ಸೀಮೆಯಲ್ಲಿ ಹಳೆಯದು. ಇಷ್ಟೆಲ್ಲ ತಿಳಿದವನು ಹೆದರಿದರೆ ಅದು ಹೇಡಿತನವಲ್ಲ.

ಆದರೂ ಕೇಳುತ್ತೇನೆ: ಸುಮ್ಮನಿದ್ದವರ ಪಾಳಿ ಸರಿಯಾಗಿ ಬರುತ್ತಿದೆಯೇ? ಫೀಲ್ಡ್‌ಮನ್ನನ ಹಿಂದೆ ಅಲೆಯದೆ, ಗ್ಯಾಂಗಿನವರಿಗೂ ಡ್ರೈವರಿಗೂ ಮೇಲುಕಾಸು ಕೊಡದೆ, ಬಾಯಿ ಮುಚ್ಚಿಕೊಂಡಿದ್ದ ಒಂದೇ ಪುಣ್ಯಕ್ಕೆ ಕಬ್ಬು ಹೊತ್ತಿಗೆ ಸರಿಯಾಗಿ ಹೋದ ಸಣ್ಣ ಹಿಡುವಳಿದಾರ ಎಷ್ಟು ಮಂದಿ? ಸೇಡಿನ ಹೆಸರಿನಲ್ಲಿ ನಮ್ಮನ್ನು ಹೆದರಿಸುವ ಅಷ್ಟೂ ಕಷ್ಟಗಳನ್ನು ಏನೂ ಕೇಳದವರು ಈಗಾಗಲೇ ಅನುಭವಿಸುತ್ತಿದ್ದಾರೆ. ಮೌನಕ್ಕೆ ಸಿಗುತ್ತದೆ ಎನ್ನುವ ಆ ರಕ್ಷಣೆ ಕಾಗದದ ಮೇಲಂತೂ ಇಲ್ಲ, ಹೊಲದಲ್ಲೂ ಕಾಣುವುದಿಲ್ಲ.

ಎರಡನೆಯದಾಗಿ, ಕಾನೂನು ಈ ಅವಲಂಬನೆಯನ್ನು ಕಣ್ಣಿಟ್ಟು ನೋಡಿಯೇ ಬರೆದದ್ದು. ಅದೇ 1966ರ ಆದೇಶದ ಆರನೇ ಖಂಡ ಒಂದೊಂದು ಕಾರ್ಖಾನೆಗೆ ಇಂತಿಷ್ಟು ಪ್ರದೇಶ ಮೀಸಲಿಡುವ ಅಧಿಕಾರ ಕೊಡುತ್ತದೆ. ಅದರ ಪ್ರಕಾರ ಮಾಡಿಕೊಂಡ ಕರಾರಿಗೆ ರೈತ ಎಷ್ಟು ಕಟ್ಟುಬಿದ್ದವನೋ ಕಾರ್ಖಾನೆಯೂ ಅಷ್ಟೇ. ರೈತ ಕೊಡಲೇಬೇಕು, ಕಾರ್ಖಾನೆ ಕೊಳ್ಳಲೇಬೇಕು, ಬೇಕೆಂದು ತಪ್ಪಿದರೆ ಅದು ಆದೇಶದ ಉಲ್ಲಂಘನೆ. ನಮ್ಮಲ್ಲಿ ಈ ಖಂಡದ ಮೊದಲರ್ಧ ಮಾತ್ರ ಎಲ್ಲರಿಗೂ ಗೊತ್ತು. ನಿಮ್ಮ ಕಬ್ಬು ನಮ್ಮ ಏರಿಯಾದ್ದು, ಬೇರೆ ಕಡೆ ಒಯ್ಯುವಂತಿಲ್ಲ ಎಂದು ಹೇಳಿ ಗಾಡಿ ತಡೆಯುವವರಿಗೆ, ಹಾಗಾದರೆ ಇಂಥ ತಾರೀಖಿನೊಳಗೆ ಕಡಿಸಿ ಎಂದು ಬರೆದು ಕೇಳಿದವರು ಕಡಿಮೆ. ಕಚೇರಿಯ ಮುದ್ರೆ ಬಿದ್ದ ಅರ್ಜಿಯೊಂದು ಫೈಲಿನಲ್ಲಿದ್ದ ಮೇಲೆ ‘ಗ್ಯಾಂಗ್ ಸಿಗವಲ್ದು’ ಎಂಬ ಮಾತಿನ ಬಣ್ಣವೇ ಬೇರೆ. ಅಲ್ಲಿಯವರೆಗೆ ಅದು ನೆಪ, ಅಲ್ಲಿಂದಾಚೆಗೆ ಸಾಕ್ಷ್ಯ.

ಮೂರನೆಯದು ಲೆಕ್ಕದ ಮಾತು. ದಿನಕ್ಕೆ 5,000 ಟನ್ ಅರೆಯುವ ಕಾರ್ಖಾನೆಗೆ ನೂರು ಟನ್ನಿನ ಒಬ್ಬ ರೈತ ಲೆಕ್ಕಕ್ಕಿಲ್ಲ, ನಿಜ. ಆದರೆ ಅಂಥ ಐವತ್ತು ಮಂದಿ ಒಂದು ಇಡೀ ದಿನದ ಅರೆತ. ನಾಲ್ಕೈದು ತಿಂಗಳಲ್ಲಿ ವರ್ಷದ ಗಳಿಕೆ ಮುಗಿಸಬೇಕಾದ ಯಂತ್ರಕ್ಕೆ ಕಬ್ಬಿಲ್ಲದೆ ನಿಂತ ದಿನ ಎಂದರೆ ಏನೆಂದು ಚೀಫ್ ಕೆಮಿಸ್ಟರನ್ನು ಕೇಳಿ. ಗಡಿಯಾಚೆ ಕೊಲ್ಹಾಪುರದ ಕಾರ್ಖಾನೆಗಳು ನಿಪ್ಪಾಣಿ, ಚಿಕ್ಕೋಡಿ ಕಡೆಯ ಕಬ್ಬಿಗೆ ಕಣ್ಣು ಹಾಕುವುದೂ, ಕಬ್ಬು ರಾಜ್ಯದ ಹೊರಗೆ ಹೋಗಬಾರದೆಂದು 2023ರಲ್ಲಿ ಮಹಾರಾಷ್ಟ್ರ ಆದೇಶ ಹೊರಡಿಸಿ ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆದದ್ದೂ ಯಾರು ಯಾರನ್ನು ನೆಚ್ಚಿಕೊಂಡಿದ್ದಾರೆ ಎಂಬುದನ್ನು ಚೆನ್ನಾಗಿ ಹೇಳುತ್ತವೆ. ಒಬ್ಬನೇ ಹೋಗಿ ಕೇಸು ಹಾಕು ಎಂದು ನಾನು ಯಾರಿಗೂ ಹೇಳಲಾರೆ. ಐವತ್ತು ಸಹಿ ಒಂದೇ ಅರ್ಜಿಯಲ್ಲಿದ್ದಾಗ ಪಾಳಿ ತಪ್ಪಿಸುವುದು ಯಾರದು?

ಈಗ ಆ ಮೊಸಳೆಯನ್ನೇ ಸ್ವಲ್ಪ ನೋಡೋಣ. ಅನ್ನ ಕೊಡುವವರ ಮೇಲೆ ದಾವೆ ಹೂಡಬಾರದೆಂಬ ನೀತಿಯನ್ನು ಸಕ್ಕರೆ ಕಾರ್ಖಾನೆಗಳಿಗೆ ಯಾರೂ ಕಲಿಸಿದಂತಿಲ್ಲ. ಸರ್ಕಾರದ ಮೇಲೆ ಇಷ್ಟು ನೆಚ್ಚಿಕೊಂಡ ಉದ್ಯಮ ಇನ್ನೊಂದು ಸಿಗುವುದು ಕಷ್ಟ. ಸಕ್ಕರೆಗೆ ಕನಿಷ್ಠ ಮಾರಾಟ ದರ ನಿಗದಿ ಮಾಡಿದ್ದು ಕೇಂದ್ರ: 2018ರಲ್ಲಿ ಕಿಲೋಗೆ 29 ರೂಪಾಯಿ, 2019ರಲ್ಲಿ 31. ಬೆಲೆ ಕುಸಿದಾಗ ದಾಸ್ತಾನು ಇಟ್ಟುಕೊಳ್ಳಲು ನೆರವು ಕೊಟ್ಟದ್ದೂ ಕೇಂದ್ರವೇ. ಎಥೆನಾಲ್ ಕೊಳ್ಳುವುದು ಸರ್ಕಾರಿ ತೈಲ ಕಂಪನಿಗಳು. ಇಷ್ಟೆಲ್ಲ ಹಂಗಿನಲ್ಲಿದ್ದೂ ಉತ್ತರ ಪ್ರದೇಶದ ಕಾರ್ಖಾನೆಗಳ ಸಂಘ, ರಾಜ್ಯ ಸರ್ಕಾರ ಕಬ್ಬಿಗೆ ತನ್ನದೇ ದರ ನಿಗದಿ ಮಾಡುವುದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2004ರಲ್ಲಿ ಸಂವಿಧಾನ ಪೀಠದಲ್ಲಿ ಸೋತಿತು. ಸೋತ ಮೇಲೂ ಬಿಡದೆ ವಿಷಯವನ್ನು ಮತ್ತೆ ಎತ್ತಿತು. 2020ರ ಏಪ್ರಿಲಿನಲ್ಲಿ ಐವರು ನ್ಯಾಯಮೂರ್ತಿಗಳ ಇನ್ನೊಂದು ಪೀಠ, ಕೇಂದ್ರದ ಕನಿಷ್ಠ ದರಕ್ಕಿಂತ ಹೆಚ್ಚು ದರ ನಿಗದಿ ಮಾಡುವ ಅಧಿಕಾರ ರಾಜ್ಯಕ್ಕಿದೆ ಎಂದು ಮತ್ತೊಮ್ಮೆ ಹೇಳಿತು. ಈ ವ್ಯಾಜ್ಯದ ಉದ್ದಕ್ಕೂ ಒಂದು ಹಂಗಾಮು ನಿಲ್ಲಲಿಲ್ಲ, ಸಾಲ ನಿಲ್ಲಲಿಲ್ಲ, ಸವಲತ್ತು ನಿಲ್ಲಲಿಲ್ಲ. ಹಗಲು ಕೋರ್ಟಿನಲ್ಲಿ ಎದುರುಬದುರು, ಸಂಜೆ ಮಂತ್ರಿಗಳ ಜೊತೆ ಸಭೆ. ಅವರಿಗೆ ವ್ಯಾಜ್ಯ ಎಂದರೆ ವ್ಯವಹಾರದ ಒಂದು ಭಾಗ, ವಕೀಲರ ಫೀ ಎಂದರೆ ಲೆಕ್ಕಪತ್ರದ ಒಂದು ಸಾಲು. ರೈತ ಮಾಡಿದರೆ ಮಾತ್ರ ಅದು ಹಗೆ, ಉಪ್ಪುಂಡ ಮನೆಗೆ ದ್ರೋಹ!

ಹೋರಾಟವೇ ಸಾಕು, ಕೋರ್ಟು ಯಾಕೆ ಎನ್ನುವವರಿದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ. 2013ರ ನವೆಂಬರಿನಲ್ಲಿ ಬೆಳಗಾವಿಯ ಸುವರ್ಣ ಸೌಧದೆದುರು ಕಬ್ಬು ಬೆಳೆಗಾರರೊಬ್ಬರು ವಿಷ ಕುಡಿದು ಪ್ರಾಣ ಬಿಟ್ಟದ್ದನ್ನು ಕಂಡ ಸೀಮೆ ಇದು, ಬೀದಿಯ ಹೋರಾಟವನ್ನು ಹಗುರಾಗಿ ಮಾತಾಡುವ ಹಕ್ಕು ಯಾರಿಗೂ ಇಲ್ಲ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ದಿನಗಟ್ಟಲೆ ಕೂತು ಟನ್ನಿಗೆ 3,500 ಕೇಳಿದರು, ಮುಖ್ಯಮಂತ್ರಿಗಳು ಸಭೆ ಕರೆದು 3,300ಕ್ಕೆ ಒಪ್ಪಿಸಿದರು. ಅದು ಕೂತವರ ಗೆಲುವೇ. ಆದರೆ ಪ್ರತಿ ವರ್ಷ ನಾವು ಬೀದಿಯಲ್ಲಿ ಗೆಲ್ಲುವುದು ದರವನ್ನು, ಪ್ರತಿ ವರ್ಷ ಕಳೆದುಕೊಳ್ಳುವುದು ದಿನಾಂಕವನ್ನು. 3,300 ಎಂಬ ಅಂಕಿ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ, ಅದು ಖಾತೆಗೆ ಬಿದ್ದದ್ದು ಯಾವ ದಿನ ಎಂಬುದು ಎಲ್ಲೂ ಬರುವುದಿಲ್ಲ. ಹೋರಾಟದಿಂದ ಪಡೆದ ದರವನ್ನು ಮುಂದಿನ ವರ್ಷ ಮತ್ತೆ ಕೂತು ಪಡೆಯಬೇಕು. ಬಡ್ಡಿಯ ಖಂಡ ಮಾತ್ರ ಕೂತರೂ ಕೂರದಿದ್ದರೂ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಸಂಘಟನೆಗಳ ವೇದಿಕೆಯಲ್ಲಿ ಭಾಷಣಕ್ಕೆ ಇರುವ ಚಪ್ಪಾಳೆ ಅರ್ಜಿ ಬರೆಯುವ ಕೆಲಸಕ್ಕೆ ಇಲ್ಲ, ಹಾಗಾಗಿ ಬರೆಯುವವರೂ ಇಲ್ಲ ಎಂದು ನನ್ನ ಗುಮಾನಿ.

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಉಳಿದಿದೆ. ಮಹಾರಾಷ್ಟ್ರದ ಉದಾಹರಣೆ ನೋಡಿ. ಎಫ್‌ಆರ್‌ಪಿಯನ್ನು ಒಂದೇ ಗಂಟಿನಲ್ಲಿ ಕೊಡಬೇಕಾಗಿಲ್ಲ, ಎರಡು ಕಂತಿನಲ್ಲಿ ಕೊಡಬಹುದು ಎಂದು ಅಲ್ಲಿನ ಸರ್ಕಾರ 2022ರಲ್ಲಿ ಆದೇಶ ಮಾಡಿತು. ಅಲ್ಲಿನ ರೈತ ಮುಖಂಡ ರಾಜು ಶೆಟ್ಟಿ ಅದನ್ನು ಬಾಂಬೆ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. 2025ರ ಮಾರ್ಚಿನಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಮೂರು ವರ್ಷ ಹಿಡಿಯಿತು, ಹೌದು. ಆ ಮೂರು ವರ್ಷವೂ ಅವರ ಸಂಘಟನೆಯ ರೈತರು ಅದೇ ಕಾರ್ಖಾನೆಗಳಿಗೆ ಕಬ್ಬು ಕಳಿಸುತ್ತಲೇ ಇದ್ದರು, ಬೀದಿಗೂ ಇಳಿಯುತ್ತಲೇ ಇದ್ದರು. ಬೀದಿ ಮತ್ತು ಕೋರ್ಟು ಸವತಿಯರು ಎಂಬಂತೆ ಮಾತಾಡುವುದು ನಮ್ಮ ಕಡೆಯ ರೂಢಿ. ನಮ್ಮವರಿಗೆ ಬೆಂಗಳೂರು ದೂರ ಎಂಬ ನೆಪವೂ ಈಗ ಉಳಿದಿಲ್ಲ. ಹೈಕೋರ್ಟಿನ ಪೀಠ 2008ರಲ್ಲಿ ಧಾರವಾಡಕ್ಕೆ ಬಂತು, 2013ರಲ್ಲಿ ಕಾಯಂ ಆಯಿತು.

ಕಾಯುವುದಕ್ಕೂ ಕಾನೂನಿನಲ್ಲಿ ಬೆಲೆ ಇದೆ ಎಂಬುದು ಬುದ್ಧಿ ಹೇಳುವವರಿಗೆ ಗೊತ್ತಿರುವಂತಿಲ್ಲ. ಕಾಲಮಿತಿ ಕಾಯ್ದೆಯ ಪ್ರಕಾರ ಮಾರಿದ ಮಾಲಿನ ಹಣಕ್ಕೆ ದಾವೆ ಹೂಡಲು ಇರುವುದು ಮೂರು ವರ್ಷ. “ಈ ವರ್ಷ ಬ್ಯಾಡ, ಮುಂದಿನ ವರ್ಷ ನೋಡೋಣು” ಎಂದು ಮೂರು ಸಲ ಕೇಳಿಸಿಕೊಂಡವನು ನಾಲ್ಕನೇ ವರ್ಷ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಿದರೆ ಬಾಗಿಲು ಹಾಕಿರುತ್ತದೆ. ಕೊನೆಪಕ್ಷ ಇಷ್ಟು ಬಾಕಿ ಇದೆ ಎಂದು ಕಾರ್ಖಾನೆಯಿಂದ ಸಹಿ ಹಾಕಿದ ಪತ್ರವನ್ನು ಗಡುವಿನೊಳಗೆ ಪಡೆದಿದ್ದರೆ ಲೆಕ್ಕ ಆ ದಿನದಿಂದ ಹೊಸದಾಗಿ ಶುರುವಾಗುತ್ತಿತ್ತು. ಅದನ್ನೂ ಸಂಬಂಧ ಕೆಡುತ್ತದೆಂದು ಕೇಳಿರುವುದಿಲ್ಲ. ಇನ್ನು ಕಾರ್ಖಾನೆಯೇ ಮುಳುಗಿ ದಿವಾಳಿ ಸಂಹಿತೆಯಡಿ ಹೋಯಿತೆನ್ನಿ. ಅಡಮಾನ ಇಟ್ಟುಕೊಂಡ ಬ್ಯಾಂಕುಗಳು ಮುಂದೆ, ಕಬ್ಬು ಕೊಟ್ಟವರು ಸಾಲಿನಲ್ಲಿ ಬಹಳ ಹಿಂದೆ. ಅಲ್ಲಿ ಕೂತ ಅಧಿಕಾರಿ ಕೇಳುವುದು ಕ್ಲೇಮು ಮತ್ತು ಅದಕ್ಕೆ ಆಧಾರ. ಇಪ್ಪತ್ತು ವರ್ಷ ಚೇರ್ಮನ್ನರ ಮಗಳ ಮದುವೆಗೆ, ಮೊಮ್ಮಗನ ಜವಳಕ್ಕೆ ತಪ್ಪದೆ ಹೋಗಿದ್ದೆ ಎಂದರೆ ಬರೆದುಕೊಳ್ಳಲು ಆ ಫಾರಮ್ಮಿನಲ್ಲಿ ಜಾಗವಿಲ್ಲ.

ಬಾಗಿಲು ತಪ್ಪಿ ಬಡಿಯಬಾರದು ಎಂಬ ಎಚ್ಚರ ಬೇಕು. ಕಬ್ಬಿನ ಬಾಕಿಗೆ ಗ್ರಾಹಕರ ನ್ಯಾಯಾಲಯಕ್ಕೆ ಹೋದರೆ ಕಾಲ ಹಾಳು, ಇಲ್ಲಿ ರೈತ ಮಾರಿದವನು, ಗ್ರಾಹಕನಲ್ಲ. ತೂಕದ ತಕರಾರಿದ್ದರೆ ಕಾನೂನು ಮಾಪನ ಇಲಾಖೆ. ಹಣದ ಬಾಕಿಗೆ ಮೊದಲು ಕಬ್ಬು ಅಭಿವೃದ್ಧಿ ಆಯುಕ್ತರು ಮತ್ತು ಜಿಲ್ಲಾಧಿಕಾರಿಗಳು, ಅವರು ಕದಲದಿದ್ದರೆ ಅವರನ್ನು ಕದಲಿಸಲು ಹೈಕೋರ್ಟಿಗೆ ರಿಟ್. ಆ ರಿಟ್ಟಿನಲ್ಲಿ ಮೊದಲ ಎದುರುದಾರ ಸರ್ಕಾರವೇ ಆಗಿರುತ್ತದೆ ಎಂಬುದನ್ನೂ ಗಮನಿಸಿ. ಹಗೆ ಹಗೆ ಎಂದು ಇಷ್ಟು ಹೆದರಿದವರು ದೂರುವುದು ಕಾರ್ಖಾನೆಯ ಮೇಲಷ್ಟೇ ಅಲ್ಲ, ತನ್ನ ಕೆಲಸ ಮಾಡದ ಕಚೇರಿಯ ಮೇಲೂ.

ನನ್ನ ಸಿಟ್ಟು ಹೆಚ್ಚಾಗಿ ಇರುವುದೂ ಆ ಕಚೇರಿಯ ಮೇಲೇ. ಬಾಕಿಯ ಮಾತು ಬಂದಾಗಲೆಲ್ಲ, “ಲಿಖಿತ ದೂರು ಕೊಡಿ, ಕ್ರಮ ತಗೋತೀವಿ” ಎಂಬ ಉತ್ತರ ಸಿದ್ಧವಿರುತ್ತದೆ. ಮೂರನೇ ಖಂಡದಲ್ಲಿ ರೈತ ದೂರು ಕೊಟ್ಟರೆ ಮಾತ್ರ ಬಡ್ಡಿ ಎಂದು ಎಲ್ಲೂ ಬರೆದಿಲ್ಲ. ಹದಿನೈದನೇ ದಿನದಿಂದ ಅದು ತಾನಾಗಿ ಬೆಳೆಯುತ್ತದೆ. ಯಾವ ಕಾರ್ಖಾನೆ ಎಷ್ಟು ಅರೆಯಿತು, ಎಷ್ಟು ಕೊಟ್ಟಿತು, ಎಷ್ಟು ಉಳಿಸಿಕೊಂಡಿತು ಎಂಬ ಪಟ್ಟಿ ಹಂಗಾಮಿನ ಉದ್ದಕ್ಕೂ ಸರ್ಕಾರದ ಮೇಜಿನ ಮೇಲಿರುತ್ತದೆ. ಆ ಪಟ್ಟಿ ಕೈಯಲ್ಲಿಟ್ಟುಕೊಂಡು ರೈತನನ್ನು ದೂರು ಕೊಡು ಎನ್ನುವುದೆಂದರೆ, ತಾನು ಹೊರಬೇಕಾದ ಅಪಾಯವನ್ನು ಕಬ್ಬು ಇನ್ನೂ ಪಡದಲ್ಲಿರುವವನ ಹೆಗಲಿಗೆ ದಾಟಿಸುವುದು. ಕಾರ್ಖಾನೆಗಳ ಒಡೆಯರಲ್ಲಿ ಎಲ್ಲ ಪಕ್ಷಗಳ ಶಾಸಕರೂ ಮಂತ್ರಿಗಳೂ ಇರುವಾಗ ಅಧಿಕಾರಿಗಳಿಗೂ ತಮ್ಮದೇ ಒಂದು ಮೊಸಳೆ ಇದೆ ಎಂಬುದು ನನಗೆ ತಿಳಿಯದ್ದೇನಲ್ಲ. ಆದರೆ ಅವರಿಗೆ ಸಂಬಳ 14 ದಿನ ದಾಟುವುದಿಲ್ಲ.

ಹಾಗಾಗಿ ಮೊದಲ ಅರ್ಜಿಗೆ ಕಬ್ಬು ಬೆಳೆದವನ ಹೆಸರೂ ಬೇಕಾಗಿಲ್ಲ. ಊರಿನ ನಿವೃತ್ತ ಮಾಸ್ತರರು, ತಾಲ್ಲೂಕಿನ ವಕೀಲರು, ಬೆಂಗಳೂರಿನಲ್ಲಿ ನೌಕರಿಗಿರುವ ಮಗ, ಕಾರ್ಖಾನೆಯ ಗೇಟಿಗೆ ಎಂದೂ ಹೋಗಬೇಕಿಲ್ಲದ ಯಾರೇ ಆಗಲಿ ಮಾಹಿತಿ ಹಕ್ಕಿನಲ್ಲಿ ಆಯುಕ್ತರ ಕಚೇರಿಯನ್ನು ಕೇಳಬಹುದು: ಕಳೆದ ಹಂಗಾಮಿನಲ್ಲಿ 14 ದಿನ ಮೀರಿ ಪಾವತಿಯಾದ ಮೊತ್ತಕ್ಕೆ ಕಾರ್ಖಾನೆವಾರು ಎಷ್ಟು ಬಡ್ಡಿ ಆಯಿತು, ಎಷ್ಟು ವಸೂಲಾಯಿತು, ವಸೂಲಿಗೆ ಹೊರಡಿಸಿದ ಆದೇಶಗಳ ಪ್ರತಿ ಕೊಡಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಅರ್ಜಿ 150 ಪದ ಮೀರಬಾರದೆಂದು ಕರ್ನಾಟಕದ ನಿಯಮ. ಈ ಪ್ರಶ್ನೆಗೆ ಅದರ ಕಾಲುಭಾಗವೂ ಬೇಡ.